ಇಸಿಜಿ ಚೆನ್ನಾಗಿತ್ತು, ದಿಂಬು ಒದ್ದೆಯಾಗಿತ್ತು: ಆಂಟಿಬಯೋಟಿಕ್ ಮತ್ತು ಕ್ಲೋಜಪಿನ್ ಜೊತೆ ನನ್ನ ಅನುಭವ

ನಾನು ಮನೋರೋಗ ವಿಭಾಗದಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ಡಾಕ್ಟರು ಬರೆದ ಮಾತ್ರೆಗಳು ಒಂದಕ್ಕೊಂದು ಹೊಂದುತ್ತವಾ ಅಂತ ನೋಡುವುದು ನನ್ನ ಕೆಲಸ. ಅದರಲ್ಲಿ ನಾನೇ ಒಮ್ಮೆ ಎಡವಿದೆ. ಆಮೇಲೆ ನಾನು ಚೀಟಿ ಓದುವ ರೀತಿಯೇ ಬದಲಾಯಿತು.

ಪೇಷೆಂಟ್‌ಗೆ ಸುಮಾರು ನಲವತ್ತು ವಯಸ್ಸು. ಸ್ಕಿಜೋಫ್ರೇನಿಯಾ. ಬೇರೆ ಔಷಧಗಳು ಹಿಡಿಯದೆ ಕೊನೆಗೆ ಕ್ಲೋಜಪಿನ್ ದಿನಕ್ಕೆ 400 ಮಿಲಿಗ್ರಾಂಗೆ ಬಂದು ನಿಂತಿದ್ದರು, ಕೆಲವು ವರ್ಷಗಳಿಂದ ಆರಾಮಾಗಿದ್ದರು. ಒಂದು ದಿನ ಮೂತ್ರದ ಸೋಂಕು, ಜ್ವರ. ಬೇರೆ ಡಾಕ್ಟರು ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಬರೆದಿದ್ದರು. ಚೀಟಿ ನನ್ನ ಹತ್ತಿರ ಬಂತು. ಕಂಪ್ಯೂಟರ್ ಪರದೆಯ ಮೇಲೆ ಹೃದಯದ ಲಯದ ಬಗ್ಗೆ ಕೆಂಪು ಎಚ್ಚರಿಕೆ ಬಂತು, ಅಂದರೆ ಕ್ಯುಟಿ ಅವಧಿ (ಹೃದಯ ಒಮ್ಮೆ ಬಡಿದು ಮತ್ತೆ ಸಜ್ಜಾಗಲು ಹಿಡಿಯುವ ಹೊತ್ತು) ಉದ್ದವಾಗಬಹುದು ಅಂತ. ನಾನು ಇಸಿಜಿ ಮಾಡಿಸಿದೆ, ಕ್ಯುಟಿಸಿ, ಅಂದರೆ ಬಡಿತದ ವೇಗಕ್ಕೆ ಸರಿಹೊಂದಿಸಿದ ಕ್ಯುಟಿ, 430 ಮಿಲಿಸೆಕೆಂಡ್ ಇತ್ತು, ಚೆನ್ನಾಗಿದೆ ಅಂತ ಬರೆದು ಮಾತ್ರೆ ಕೊಡಲು ಒಪ್ಪಿದೆ. ಪರದೆ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು ಸುಮ್ನಾದೆ. ಅದರ ಕೆಳಗೇ ಇದ್ದ ಇನ್ನೊಂದು ಸಾಲು, ಲಿವರ್‌ನ ಕಿಣ್ವದ ಬಗ್ಗೆ ಇದ್ದದ್ದು, ನನ್ನ ಕಣ್ಣಿಗೆ ಬೀಳಲೇ ಇಲ್ಲ.

ನಾಲ್ಕನೇ ದಿನ ಅವರ ತಾಯಿ ಕರೆದುಕೊಂಡು ಬಂದರು. "ನೋಡಮ್ಮ, ಜ್ವರ ಇಳಿದಿದೆ, ಆದರೆ ಇವನು ಏಳುವುದೇ ಇಲ್ಲ. ರಾತ್ರಿ ದಿಂಬು ಪೂರ್ತಿ ಒದ್ದೆ" ಅಂದರು. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಜೊಲ್ಲು ಹೊಸದೇನಲ್ಲ. ಆದರೆ ದಿಂಬು ಹಿಂಡುವಷ್ಟು? ಪೇಷೆಂಟ್‌ಗೆ ನೀರಿನ ಲೋಟ ಕೊಟ್ಟೆ. ಎತ್ತುವಾಗ ಕೈ ತಟ್ಟನೆ ಎಗರಿತು, ನೀರು ಅಂಗಿ ಮೇಲೆ ಚೆಲ್ಲಿತು. ಒಂದು ನಿಮಿಷ ಬಿಟ್ಟು ಮತ್ತೆ ಅದೇ. ಅದು ಸಾಮಾನ್ಯ ನಡುಕ ಅಲ್ಲ, ಸ್ನಾಯು ಎಗರುವುದು. ಕ್ಲೋಜಪಿನ್ ರಕ್ತದಲ್ಲಿ ಜಾಸ್ತಿಯಾದಾಗ ಫಿಟ್ಸ್ ಬರುವ ಮೊದಲು ಹೀಗೆ ಕಾಣಿಸಿಕೊಳ್ಳಬಹುದು. ನನ್ನ ಎದೆ ಧಸಕ್ಕೆಂದಿತು.

ಆಗಿದ್ದು ಇಷ್ಟು. ಕ್ಲೋಜಪಿನ್ ಅನ್ನು ಕರಗಿಸಿ ಹೊರಹಾಕುವುದು ಮುಖ್ಯವಾಗಿ ಲಿವರ್‌ನಲ್ಲಿರುವ ಸಿವೈಪಿ 1ಎ2 ಎಂಬ ಕಿಣ್ವ. ಸಿಪ್ರೊಫ್ಲಾಕ್ಸಸಿನ್ ಆ ಕಿಣ್ವವನ್ನೇ ತಡೆಯುತ್ತದೆ. ಮಾತ್ರೆ ಅಷ್ಟೇ ನುಂಗುತ್ತಾರೆ, ಆದರೆ ಹೊರಹೋಗುವ ದಾರಿ ಮುಚ್ಚಿರುತ್ತದೆ. ಅಷ್ಟೇ ಆಗಿದ್ದರೆ ಒಂದು ಕಾರಣ. ಇಲ್ಲಿ ಮೂರು ಸೇರಿದ್ದವು. ಜೋರು ಸೋಂಕು ಇದ್ದಾಗ ದೇಹದಲ್ಲಿ ಏಳುವ ಉರಿಯೂತವೂ ಇದೇ ಕಿಣ್ವವನ್ನು ಮಂದ ಮಾಡುತ್ತದೆ, ಆಂಟಿಬಯೋಟಿಕ್ ಯಾವುದೇ ಇರಲಿ. ಮೂರನೆಯದನ್ನು ತಾಯಿಯೇ ಹೇಳಿದರು. ದಿನಕ್ಕೆ ಹದಿನೈದು ಇಪ್ಪತ್ತು ಸಿಗರೇಟ್ ಸೇದುತ್ತಿದ್ದವರು ಜ್ವರ ಬಂದ ದಿನದಿಂದ ಒಂದನ್ನೂ ಮುಟ್ಟಿರಲಿಲ್ಲ. ಸಿಗರೇಟ್ ಹೊಗೆ ಈ ಕಿಣ್ವವನ್ನು ಚುರುಕು ಮಾಡುತ್ತದೆ (ಹೊಗೆ, ನಿಕೋಟಿನ್ ಅಲ್ಲ, ಹಾಗಾಗಿ ನಿಕೋಟಿನ್ ಗಮ್ ಅಗಿದರೆ ಆ ಪರಿಣಾಮ ಇರುವುದಿಲ್ಲ). ಸೇದುವುದು ನಿಂತ ಕೆಲವೇ ದಿನಗಳಲ್ಲಿ ಕಿಣ್ವ ತಣ್ಣಗಾಗುತ್ತದೆ, ಕ್ಲೋಜಪಿನ್ ಏರುತ್ತದೆ. ಮೂರೂ ಒಂದೇ ದಿಕ್ಕಿಗೆ ತಳ್ಳಿದ್ದವು.

ಕೂಡಲೇ ಮನೋವೈದ್ಯರನ್ನು ಕರೆದೆ. ಕಳೆದ ರಾತ್ರಿಯ ಡೋಸ್ ಆಗಿ ಹನ್ನೆರಡು ಗಂಟೆ ಆಗಿತ್ತು, ರಕ್ತದಲ್ಲಿ ಕ್ಲೋಜಪಿನ್ ಲೆವೆಲ್ ನೋಡಲು ಅದೇ ಸರಿಯಾದ ಹೊತ್ತು, ರಕ್ತ ತೆಗೆದೆವು. ಅದರ ಜೊತೆಗೇ ಬಿಳಿ ರಕ್ತಕಣಗಳ ಎಣಿಕೆ. ಕ್ಲೋಜಪಿನ್ ಮೇಲಿರುವವರಿಗೆ ಜ್ವರ ಅಥವಾ ಗಂಟಲು ನೋವು ಬಂದರೆ ಅವತ್ತೇ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣ, ಕ್ಲೋಜಪಿನ್‌ನಿಂದ ಕುಸಿಯಬಹುದು) ನೋಡಲೇಬೇಕು, ಇದನ್ನು ನಾಳೆಗೆ ತಳ್ಳುವ ಹಾಗಿಲ್ಲ. ಅದು ಮಾಮೂಲಾಗಿ ಬಂತು. ಮಲ ಕಟ್ಟಿ ಮೂರು ದಿನ ಆಗಿತ್ತು. ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು. ಕ್ಲೋಜಪಿನ್‌ನಿಂದ ಕರುಳಿನ ಚಲನೆಯೇ ನಿಂತು ಜೀವಕ್ಕೆ ಕುತ್ತಾದ ಪ್ರಕರಣಗಳಿವೆ.

ಲೆವೆಲ್ ರಿಪೋರ್ಟ್ ಬರಲು ಎರಡು ದಿನ ಬೇಕಿತ್ತು. ಕಾಯಲಿಲ್ಲ. ಸಿಪ್ರೊಫ್ಲಾಕ್ಸಸಿನ್‌ನಂತಹ ಬಲವಾದ ತಡೆಗಾರ ಜೊತೆಗಿದ್ದರೆ ಕ್ಲೋಜಪಿನ್ ಡೋಸ್ ಮೂರನೇ ಒಂದು ಭಾಗಕ್ಕೆ ಇಳಿಸಿ ಅಂತ ಅಮೆರಿಕದ ಔಷಧ ಲೇಬಲ್‌ನಲ್ಲೇ ಇದೆ. ಇಲ್ಲಿ ಆಂಟಿಬಯೋಟಿಕ್ಕನ್ನೇ ಬದಲಿಸಬಹುದಿತ್ತು. ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಸೆಫಲೋಸ್ಪೊರಿನ್ ಎಂಬ ಬೇರೆ ಗುಂಪಿನ ಆಂಟಿಬಯೋಟಿಕ್ ಕೆಲಸ ಮಾಡುತ್ತದೆ ಅಂತ ಬಂದಿತ್ತು, ಅದಕ್ಕೆ ಬದಲಾಯಿಸಿದರು. ಒಳಗೆ ದಾಖಲು ಮಾಡಿಕೊಂಡು ಆ ರಾತ್ರಿಯ ಕ್ಲೋಜಪಿನ್ ತಡೆದರು, ಮರುದಿನದಿಂದ 200. ಪೂರ್ತಿ ನಿಲ್ಲಿಸಲಿಲ್ಲ. ಎರಡು ದಿನಕ್ಕಿಂತ ಹೆಚ್ಚು ಬಿಟ್ಟುಹೋದರೆ ಮತ್ತೆ 12.5 ಮಿಲಿಗ್ರಾಂನಿಂದ ಮೆಲ್ಲಗೆ ಏರಿಸಿಕೊಂಡು ಬರಬೇಕಾಗುತ್ತದೆ, ಅಷ್ಟರಲ್ಲಿ ಕಾಯಿಲೆ ತಿರುಗಿ ಬರಬಹುದು. ಮನೆಯವರು ಹೆದರಿ ತಾವೇ ನಿಲ್ಲಿಸಬಾರದು ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಫೋನ್ ಮಾಡಿ, ಕೇಳಿ, ಆಮೇಲೆ ನೋಡೋಣ.

ರಿಪೋರ್ಟ್ ಬಂತು: ಮಿಲಿಲೀಟರ್‌ಗೆ 1140 ನ್ಯಾನೋಗ್ರಾಂ. ಸಾಮಾನ್ಯವಾಗಿ ಬೇಕಿರುವುದು 350ರಿಂದ 600. ಸಾವಿರ ದಾಟಿದರೆ ಫಿಟ್ಸ್ ಭಯ. ಅಷ್ಟು ಹೊತ್ತಿಗೆ ಅವರು ಎದ್ದು ಕೂತು ತಾಯಿಯ ಜೊತೆ ಮಾತಾಡುತ್ತಿದ್ದರು.

ಅಂದಿನಿಂದ ನಾನು ಪ್ರತಿ ಚೀಟಿಗೂ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತೇನೆ. ಎರಡೂ ಔಷಧ ಸೇರಿ ಹೃದಯದ ಮೇಲೆ ಭಾರ ಹಾಕುತ್ತವಾ? ಒಂದು ಇನ್ನೊಂದರ ಲೆವೆಲ್ ಬದಲಿಸುತ್ತದಾ? ಒಂದಕ್ಕೆ ಉತ್ತರ ಸಿಕ್ಕರೆ ಇನ್ನೊಂದಕ್ಕೆ ಸಿಕ್ಕಂತಲ್ಲ. ಕ್ವೆಟಿಯಪಿನ್ ಎಂಬ ಇನ್ನೊಂದು ಮನೋರೋಗದ ಔಷಧ ತೆಗೆದುಕೊಳ್ಳುವವರಿಗೆ ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಕೊಟ್ಟರೆ ಇನ್ನೊಂದು ಕಿಣ್ವ, ಸಿವೈಪಿ 3ಎ4, ತಡೆಯಾಗಿ ಕ್ವೆಟಿಯಪಿನ್ ಏರುತ್ತದೆ. ಸರಿ, ಅದೇ ಗುಂಪಿನ ಅಜಿಥ್ರೊಮೈಸಿನ್ ಕೊಡೋಣ ಅನ್ನುತ್ತಾರೆ. ಕಿಣ್ವದ ತೊಂದರೆ ಬಹುಪಾಲು ತಪ್ಪಿತು, ನಿಜ, ಆದರೆ ಹೃದಯದ ಪ್ರಶ್ನೆ ಅಲ್ಲೇ ಉಳಿಯಿತು ಅಲ್ವಾ? ಅದರಲ್ಲೂ ಭೇದಿಯಾಗಿ ಪೊಟ್ಯಾಸಿಯಂ ಇಳಿದವರು, ಹ್ಯಾಲೋಪೆರಿಡಾಲ್ ಮೇಲಿರುವವರು, ವಯಸ್ಸಾದವರು ಇದ್ದರೆ ಇಸಿಜಿ ಬೇಕೇ ಬೇಕು. ಕ್ಯುಟಿಸಿ 500 ದಾಟಿತೆಂದರೆ ನಾನು ಡಾಕ್ಟರ ಬಾಗಿಲು ತಟ್ಟದೆ ಇರುವುದಿಲ್ಲ. ಪಿಮೊಜೈಡ್, ಲುರಾಸಿಡೋನ್ ಎಂಬ ಮನೋರೋಗದ ಔಷಧಗಳು ಇದ್ದರೆ ಕ್ಲಾರಿಥ್ರೊಮೈಸಿನ್ ಕೊಡಲೇಬಾರದು, ಅಲ್ಲಿ ಚರ್ಚೆಗೆ ಜಾಗವಿಲ್ಲ.

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕಥೆ ಪೂರ್ತಿ ಉಲ್ಟಾ. ಅದು ಕಿಣ್ವವನ್ನು ಕೆರಳಿಸುತ್ತದೆ, ಕ್ವೆಟಿಯಪಿನ್, ಹ್ಯಾಲೋಪೆರಿಡಾಲ್, ರಿಸ್ಪೆರಿಡೋನ್ ಎಲ್ಲದರ ಲೆವೆಲ್ ಕುಸಿಯುತ್ತದೆ. ಒಂದೇ ದಿನದಲ್ಲಿ ಅಲ್ಲ, ಒಂದೆರಡು ವಾರದಲ್ಲಿ. ಅದಕ್ಕೇ ಯಾರಿಗೂ ಹೊಳೆಯುವುದಿಲ್ಲ. ಕ್ಷಯಕ್ಕೆ ಚಿಕಿತ್ಸೆ ಶುರುವಾದವರಿಗೆ ಮತ್ತೆ ನಿದ್ದೆ ಕೆಡುತ್ತದೆ, ದನಿಗಳು ಕೇಳಿಸುತ್ತವೆ, ಮನೆಯವರು "ಮಾತ್ರೆ ಬಿಸಾಡ್ತಿದ್ದೀಯಾ?" ಅಂತ ಗದರುತ್ತಾರೆ. ಪಾಪ, ಅವರು ದಿನವೂ ನುಂಗಿರುತ್ತಾರೆ. ನನಗೆ ತುಂಬಾ ನೋವಾಗುವುದು ಇಲ್ಲೇ. ರಿಫಾಂಪಿಸಿನ್ ಮುಗಿದ ಮೇಲೂ ಕಿಣ್ವ ಮಾಮೂಲಿಗೆ ಬರಲು ಸುಮಾರು ಎರಡು ವಾರ ಹಿಡಿಯುತ್ತದೆ, ಮಧ್ಯೆ ಏರಿಸಿದ ಡೋಸನ್ನು ಆಗ ಇಳಿಸದಿದ್ದರೆ ಮತ್ತೊಂದು ಅಪಾಯ.

ಹಾಗಾಗಿ ನನ್ನ ಡೈರಿಯಲ್ಲಿ ಈಗ ಆಂಟಿಬಯೋಟಿಕ್ ಶುರುವಾದ ದಿನದ ಪಕ್ಕದಲ್ಲೇ ಮುಗಿಯುವ ದಿನವನ್ನೂ ಬರೆಯುತ್ತೇನೆ, ಅದಾಗಿ ಮೂರನೇ ದಿನ ಮನೆಗೆ ಫೋನ್ ಮಾಡುತ್ತೇನೆ. ಇವರ ಮನೆಗೂ ಮಾಡಿದೆ. ತಾಯಿ ದನಿ ತಗ್ಗಿಸಿ, "ಮತ್ತೆ ಸೇದೋಕೆ ಶುರು ಮಾಡಿದ್ದಾನಮ್ಮ" ಅಂದರು. ಬೈಯಬೇಡಿ ಅಮ್ಮ, ದಿನಕ್ಕೆ ಎಷ್ಟು ಅಂತ ಮಾತ್ರ ಹೇಳಿ ಅಂದೆ. ಹತ್ತು ಆಗಿತ್ತು. ಡಾಕ್ಟರಿಗೆ ತಿಳಿಸಿದೆ, ಲೆವೆಲ್ ಮತ್ತೆ ನೋಡಿದೆವು, 290ಕ್ಕೆ ಇಳಿದಿತ್ತು. ಡೋಸ್ 200ರಿಂದ 300, ಆಮೇಲೆ 400. ಮೂರು ವಾರದ ಕೊನೆಗೆ ಅವರು ತಾವೇ ಒಬ್ಬರೇ ರಕ್ತ ಕೊಡಲು ಬಂದಿದ್ದರು.