ಪ್ರವಾಹ ಇಳಿದ ಮೇಲೆ ಗುಂಡಿ ಕಾಣುವುದಿಲ್ಲ: ಸೇತುವೆ ಕಂಬದ ಬುಡದ ಕೊರೆತ ಅಳೆಯುವ ಬಗೆ

ಮಳೆಗಾಲ ಮುಗಿದ ಮೇಲೆ ಸೇತುವೆಯ ಕೆಳಗಿಳಿದು ನೋಡಿದರೆ ಕಂಬದ ಬುಡದಲ್ಲಿ ಮರಳು ಬಹುಪಾಲು ಸಮತಟ್ಟಾಗಿಯೇ ಇರುತ್ತದೆ. ಅದನ್ನು ನೋಡಿ ತಪಾಸಣಾ ವರದಿಯಲ್ಲಿ ‘ಕೊರೆತ ಇಲ್ಲ’ ಎಂದು ಬರೆಯುವುದು ದೊಡ್ಡ ಅಪಾಯ. ಹೊಳೆ ಏರಿದಾಗ ಕಂಬಕ್ಕೆ ಬಡಿದ ನೀರು ಕೆಳಮುಖವಾಗಿ ಇಳಿದು, ಕುದುರೆ ಲಾಳದ ಆಕಾರದ ಸುಳಿಯಾಗಿ ಮರಳನ್ನು ಎತ್ತಿ ಒಯ್ಯುತ್ತದೆ. ನೀರು ಇಳಿಯುವಾಗ ಮೇಲಿನಿಂದ ಬಂದ ಮರಳು ಅದೇ ಗುಂಡಿಯನ್ನು ತುಂಬಿಬಿಡುತ್ತದೆ. ಹಾಗಾಗಿ ಗುಂಡಿ ಅತಿ ಆಳವಾಗಿದ್ದ ಗಳಿಗೆಯ ಗುರುತು ಉಳಿಸಿಕೊಳ್ಳುವುದೇ ನಮ್ಮ ಮುಖ್ಯ ಕೆಲಸ.

ಮೊದಲು ಲೆಕ್ಕ. ಐಆರ್‌ಸಿ 78ರಲ್ಲಿರುವ (ಸೇತುವೆ ಬುನಾದಿಗಳ ಭಾರತೀಯ ಸಂಹಿತೆ) ಲೇಸಿ ಸೂತ್ರದ ಪ್ರಕಾರ ಸರಾಸರಿ ಕೊರೆತದ ಆಳ = 1.34 × (ಪ್ರತಿ ಮೀಟರ್ ಅಗಲಕ್ಕೆ ಹರಿವಿನ ವರ್ಗ ÷ ಸಿಲ್ಟ್ ಫ್ಯಾಕ್ಟರ್)ರ ಘನಮೂಲ. ಸಿಲ್ಟ್ ಫ್ಯಾಕ್ಟರ್ ಎಂದರೆ 1.76 × ಮರಳಿನ ಸರಾಸರಿ ಗಾತ್ರದ (ಮಿ.ಮೀ.) ವರ್ಗಮೂಲ. ಒಂದು ಉದಾಹರಣೆ: 600 ಕ್ಯೂಮೆಕ್ಸ್ (ಸೆಕೆಂಡಿಗೆ ಘನ ಮೀಟರ್) ಹರಿವಿಗೆ ಸುರಕ್ಷತೆಗೆಂದು 30% ಸೇರಿಸಿ 780, ಜಲಮಾರ್ಗ 60 ಮೀಟರ್, ಮರಳು 0.8 ಮಿ.ಮೀ. ಸರಾಸರಿ ಆಳ ಸುಮಾರು 6.4 ಮೀ. ಕಂಬಕ್ಕೆ ಅದರ ಎರಡು ಪಟ್ಟು, ಅಂದರೆ ಎಚ್‌ಎಫ್‌ಎಲ್‌ನಿಂದ (ಅತಿ ಹೆಚ್ಚಿನ ಪ್ರವಾಹ ಮಟ್ಟ) ಕೆಳಕ್ಕೆ ಸುಮಾರು 12.7 ಮೀ. ಅಬಟ್‌ಮೆಂಟ್‌ಗೆ (ಸೇತುವೆಯ ತುದಿಯ ಆಧಾರ ಗೋಡೆ) 1.27 ಪಟ್ಟು.

ಬೆಂಗಳೂರಿನ ಸುತ್ತ ಇಷ್ಟು ಆಳಕ್ಕೆ ಮೊದಲೇ ಎಷ್ಟೋ ಕಡೆ ಬಂಡೆ ಸಿಗುತ್ತದೆ. ಅದನ್ನು ಕೊರೆದು ಕೋರ್ (ಉರುಳೆಯಾಕಾರದ ಕಲ್ಲಿನ ಮಾದರಿ) ತೆಗೆದು ನೋಡದೆ ನಂಬಬಾರದು. ಶಿಥಿಲಗೊಂಡ ನೈಸ್ ಶಿಲೆ ಕೈಯಲ್ಲೇ ಪುಡಿಯಾಗುವಂತಿದ್ದರೆ ನಾವು ಅದನ್ನು ಮಣ್ಣೆಂದೇ ಲೆಕ್ಕ ಹಿಡಿಯುತ್ತೇವೆ.

ಲೇಸಿ ಸೂತ್ರಕ್ಕೆ ಕಂಬದ ಆಕಾರ ಗೊತ್ತಿಲ್ಲ. ಆದ್ದರಿಂದ ಜೊತೆಗೆ ಅಮೆರಿಕದ ಸೇತುವೆ ಕೊರೆತದ ಕೈಪಿಡಿ ಎಚ್‌ಇಸಿ-18ರ ಸೂತ್ರವನ್ನೂ ಹಾಕಿ ನೋಡುತ್ತೇವೆ. ಕಂಬದ ಅಗಲ 1.5 ಮೀ, ಮೂತಿ ಗುಂಡಗೆ, ನೀರಿನ ಆಳ 5 ಮೀ, ವೇಗ ಸೆಕೆಂಡಿಗೆ 2.6 ಮೀ ಇದ್ದರೆ ಕಂಬದ ಬುಡದ ಗುಂಡಿಯೊಂದೇ ಸುಮಾರು 3.3 ಮೀ. ಇದೇ ಕಂಬ 12 ಮೀ ಉದ್ದವಿದ್ದು ಹರಿವು 15 ಡಿಗ್ರಿ ಓರೆಯಾಗಿ ಬಂದರೆ ಗುಂಡಿ 6.7 ಮೀ ದಾಟುತ್ತದೆ! ಮೇಲ್ಭಾಗದಲ್ಲಿ ಮರಳು ತೆಗೆದು ಹೊಳೆ ದಿಕ್ಕು ಬದಲಿಸಿದರೆ ಹಳೆಯ ಲೆಕ್ಕ ಕೆಲಸಕ್ಕೆ ಬಾರದು. ಪ್ರತಿ ಬೇಸಿಗೆ ಹರಿವಿನ ಕೋನವನ್ನು ಮತ್ತೆ ಅಳೆಯಬೇಕು.

ಅಳತೆಗೆ ನಾನು ಹೆಚ್ಚು ನಂಬುವುದು ಸರಪಳಿ. ಬೇಸಿಗೆಯಲ್ಲಿ, ಕಂಬದ ಮೇಲ್ಹರಿವಿನ ಮೂತಿಯಿಂದ ಅರ್ಧ ಮೀಟರ್ ದೂರದಲ್ಲಿ, ತುದಿಗೆ ಬಿಡಿ ಮೊನೆ ಇಟ್ಟ 50 ಮಿ.ಮೀ. ಜಿಐ (ಸತು ಲೇಪಿತ ಕಬ್ಬಿಣ) ಪೈಪನ್ನು ನೇರವಾಗಿ ಬಡಿದಿಳಿಸಿ. ಲೆಕ್ಕದ ಆಳಕ್ಕಿಂತ ಒಂದು ಮೀಟರ್ ಹೆಚ್ಚು ಇಳಿಯಲಿ. ಮೊನೆಗೇ ಕಟ್ಟಿದ ಸರಪಳಿ ಮರಳಿನೊಳಗೆ ಉಳಿಯುವಂತೆ ಪೈಪನ್ನು ಮೇಲಕ್ಕೆಳೆಯಿರಿ. ತಳದಿಂದ ಉದ್ದ ತಿಳಿಯುವಂತೆ ಪ್ರತಿ ಅರ್ಧ ಮೀಟರಿಗೆ ಬಣ್ಣದ ಗುರುತಿರಲಿ. ಸೇತುವೆ ಕೆಳಗೆ ಜಿಪಿಎಸ್ ನಂಬಲಾಗದು. ಕಂಬದ ಮೇಲಿನ ಎರಡು ಬೋಲ್ಟ್‌ಗಳಿಂದ ಟೇಪ್ ಹಿಡಿದು ಜಾಗ ಬರೆದುಕೊಳ್ಳಿ. ಪ್ರವಾಹ ಮರಳನ್ನು ಒಯ್ದಷ್ಟೂ ಸರಪಳಿ ಬಯಲಾಗಿ ಕೆಳಹರಿವಿಗೆ ಮಲಗುತ್ತದೆ. ನೀರು ಇಳಿದ ಮೇಲೆ ಮೆಟಲ್ ಡಿಟೆಕ್ಟರ್‌ನಿಂದ ಹುಡುಕಿ ಅಗೆದರೆ, ಸರಪಳಿ ನೆಟ್ಟಗಿದ್ದದ್ದು ಮೊಣಕೈಯಂತೆ ಬಾಗಿದ ಜಾಗ ಸಿಗುತ್ತದೆ. ಆ ಮಳೆಗಾಲದ ಅತಿ ಆಳದ ಕೊರೆತ ಅದೇ. ಅದರ ಮೇಲಿರುವುದೆಲ್ಲ ಆಮೇಲೆ ತುಂಬಿದ ಮರಳು. ದಪ್ಪ ಕಲ್ಲುಗುಂಡುಗಳ ತಳದಲ್ಲಿ ಪೈಪ್ ಇಳಿಯುವುದಿಲ್ಲ, ಅಲ್ಲಿ ಈ ವಿಧಾನ ಬಿಡಿ.

ಸರಪಳಿ ಇಲ್ಲದಿದ್ದರೆ 16 ಮಿ.ಮೀ. ಸರಳು ಚುಚ್ಚಿ ನೋಡಿ. ಹೊಸದಾಗಿ ತುಂಬಿದ ಸಡಿಲ ಮರಳಲ್ಲಿ ಕೈ ಭಾರಕ್ಕೇ ಇಳಿಯುತ್ತದೆ, ಹಳೆಯ ತಳ ಬಂದಾಗ ಗಕ್ಕನೆ ನಿಲ್ಲುತ್ತದೆ. ಅಂದಾಜಿಗೆ ಸಾಕು, ವಿನ್ಯಾಸಕ್ಕೆ ಸಾಲದು.

ವೃಷಭಾವತಿಯಂಥ ಹೊಳೆಯಲ್ಲಿ ಸಂಜೆ ಮಳೆ ಸುರಿದರೆ ನೀರು ಬೇಗ ಏರಿ ಬೇಗ ಇಳಿಯುತ್ತದೆ; ಮೈಸೂರು ರಸ್ತೆಯ ಟ್ರಾಫಿಕ್ ದಾಟಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅಲ್ಲಿ ತಾನಾಗಿ ದಾಖಲಿಸುವ ಉಪಕರಣ ಬೇಕೇ ಬೇಕು. ನೀರಿನ ಮಟ್ಟಕ್ಕೆ ಅಲ್ಟ್ರಾಸಾನಿಕ್ ಬೇಡ, ನೊರೆಯ ಮೇಲ್ಭಾಗವನ್ನೇ ಮಟ್ಟವೆಂದು ತೋರಿಸಬಹುದು, ರಾಡಾರ್ ವಾಸಿ. ತಳ ನೋಡುವ ಸೋನಾರ್‌ಗೆ ಗಾಳಿಗುಳ್ಳೆ, ಕೆಸರು ಎರಡೂ ಶತ್ರು. ಒಮ್ಮೆಲೇ ಎರಡು ಮೀಟರ್ ಜಿಗಿದು ಮರಳಿದ ಓದನ್ನು ಕೊರೆತವೆಂದು ನಂಬದಿರಿ. ಕಂಬಕ್ಕೆ ಸುತ್ತಿಕೊಂಡ ಬಟ್ಟೆ, ಪ್ಲಾಸ್ಟಿಕ್, ಮರದ ಕೊಂಬೆ ಕಂಬದ ಅಗಲವನ್ನೇ ಹೆಚ್ಚಿಸಿ ಗುಂಡಿಯನ್ನು ಹಿಗ್ಗಿಸುತ್ತವೆ. ಜೂನ್‌ಗೆ ಮೊದಲು, ಮತ್ತೆ ಪ್ರತಿ ದೊಡ್ಡ ಮಳೆಯ ನಂತರ ತೆಗೆಸಿ.

ರಕ್ಷಣೆಗೆ ಕಲ್ಲು ಹಾಸುವಾಗ ಕಂಬದ ಎಲ್ಲ ಬದಿಗೂ ಅಗಲದ ಎರಡು ಪಟ್ಟು ಹರಡಿ, ಹಾಸಿನ ದಪ್ಪವು ಕಲ್ಲಿನ ಮಧ್ಯಮ ಗಾತ್ರದ ಮೂರು ಪಟ್ಟು ಇರಲಿ, ಕೆಳಗೆ ಫಿಲ್ಟರ್ ಪದರ ಹಾಕಿ. ಫಿಲ್ಟರ್ ಇಲ್ಲದಿದ್ದರೆ ಸಂದಿಗಳಿಂದ ಮರಳು ಸೋರಿ ಕಲ್ಲು ಕುಸಿಯುತ್ತದೆ. ಕಲ್ಲಿನ ಮೇಲ್ಮಟ್ಟ ಹೊಳೆತಳಕ್ಕೆ ಸಮವಾಗಿರಬೇಕು; ಗುಡ್ಡೆ ಹಾಕಿದರೆ ಅದೇ ಹರಿವಿಗೆ ಅಡ್ಡವಾಗುತ್ತದೆ.

ಸೇತುವೆ ಮುಚ್ಚುವ ಮಟ್ಟವನ್ನು ಮಳೆಗೆ ಮೊದಲೇ ನಿರ್ಧರಿಸಿ ಬರೆದಿಡಿ. ತೆರೆದ ಬುನಾದಿಯಾದರೆ ಹೊಳೆತಳ ಫುಟಿಂಗ್‌ನ (ಕಂಬದಡಿಯ ಅಗಲವಾದ ಪಾದ) ಮೇಲ್ಮೈಗೆ ಇಳಿದಾಗಲೇ ಸಂಚಾರ ನಿಲ್ಲಿಸಿ ಪರಿಶೀಲಿಸಿ. ಪೈಲ್, ಬಾವಿ ಬುನಾದಿಗಳಿಗೆ ಆ ಮಟ್ಟವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ ಕೊಡಬೇಕು.