ಮಗುವಿನ ಹೆಸರಿಗೇ ಬರೆದಿಡಬೇಡಿ: ಅಮೆರಿಕದಲ್ಲಿ ಸ್ಪೆಷಲ್ ನೀಡ್ಸ್ ಟ್ರಸ್ಟ್ ಮಾಡುವ ಬಗೆ

ವಿಶೇಷಚೇತನ ಮೊಮ್ಮಗನಿಗೆಂದು ಅಜ್ಜ ಅಕ್ಕರೆಯಿಂದ ಬಿಟ್ಟುಹೋದ ಹತ್ತು ಸಾವಿರ ಡಾಲರ್ ಅವನ ಸರ್ಕಾರಿ ನೆರವನ್ನೇ ನಿಲ್ಲಿಸಿಬಿಡಬಹುದು. ಅಮೆರಿಕದಲ್ಲಿ ಎಸ್‌ಎಸ್‌ಐ ಎಂಬ ಮಾಸಿಕ ನೆರವು ಪಡೆಯುವವರ ಹೆಸರಿನಲ್ಲಿ 2,000 ಡಾಲರ್‌ಗಿಂತ ಹೆಚ್ಚು ಆಸ್ತಿ ಇರುವಂತಿಲ್ಲ. ವಾಸದ ಮನೆ, ಒಂದು ಕಾರು ಲೆಕ್ಕಕ್ಕಿಲ್ಲ. ಬ್ಯಾಂಕಿನಲ್ಲಿರುವ ಹಣ ಲೆಕ್ಕಕ್ಕುಂಟು. 1989ರಿಂದ ಈ ಮಿತಿ ಕದಲಿಲ್ಲ. ಎಸ್‌ಎಸ್‌ಐ ತಪ್ಪಿದರೆ ಎಷ್ಟೋ ರಾಜ್ಯಗಳಲ್ಲಿ ಅದರ ಬೆನ್ನಿಗೇ ಬರುವ ಸರ್ಕಾರಿ ಆರೋಗ್ಯ ನೆರವಾದ ಮೆಡಿಕೈಡ್‌ಗೂ ಕುತ್ತು. ಔಷಧಿ, ಥೆರಪಿ, ಮನೆಗೆ ಬರುವ ಸಹಾಯಕರು ಎಲ್ಲ ಅದನ್ನೇ ನೆಚ್ಚಿಕೊಂಡಿರುತ್ತಾರೆ.

ಟ್ರಸ್ಟ್ ಮಾಡುವುದು ಇದಕ್ಕಾಗಿಯೇ. ಹಣ ಟ್ರಸ್ಟಿನದು, ಉಪಯೋಗ ಮಗುವಿನದು.

ಮೊದಲು ಕೇಳಿಕೊಳ್ಳಬೇಕಾದದ್ದು: ಹಣ ಯಾರದು? ಅಪ್ಪ-ಅಮ್ಮ, ಬಂಧುಗಳು ಹಾಕುವ ಹಣವಾದರೆ ದಾರಿ ಸಲೀಸು. ಮಗುವಿನ ಕಾಲಾನಂತರ ಉಳಿದದ್ದು ಒಡಹುಟ್ಟಿದವರಿಗೋ ನೀವು ಹೇಳಿದವರಿಗೋ ಹೋಗುತ್ತದೆ. ಅಪಘಾತದ ಪರಿಹಾರದಂತೆ ಆ ವ್ಯಕ್ತಿಗೇ ಸೇರಿದ ಹಣವಾದರೆ ಬೇರೆ ಬಗೆಯ ಟ್ರಸ್ಟ್ ಬೇಕು. ಅದನ್ನು 65 ತುಂಬುವ ಮೊದಲೇ ಮಾಡಬೇಕು, ಕೊನೆಯಲ್ಲಿ ಉಳಿದ ಹಣದಿಂದ ಮೆಡಿಕೈಡ್ ವೆಚ್ಚವನ್ನು ರಾಜ್ಯಕ್ಕೆ ಹಿಂತಿರುಗಿಸಬೇಕು. ಎರಡನ್ನೂ ಒಂದೇ ಟ್ರಸ್ಟಿನಲ್ಲಿ ಬೆರೆಸಲೇಬೇಡಿ.

ಟ್ರಸ್ಟ್ ಪತ್ರ ಬರೆಸಲು ಈ ವಿಷಯದಲ್ಲೇ ಪಳಗಿದ ವಕೀಲರು ಬೇಕು. ಇಂಟರ್‌ನೆಟ್‌ನ ಸಿದ್ಧ ನಮೂನೆಗಳನ್ನು ನಾನಂತೂ ನಂಬುವುದಿಲ್ಲ. ‘ಪೋಷಣೆಗೆ ಹಣ ಕೊಡತಕ್ಕದ್ದು’ ಎಂದು ಬರೆದರೆ ಅದು ಮಗುವಿನ ಹಕ್ಕಾಗಿ, ಇಡೀ ಮೊತ್ತ ಅವನ ಆಸ್ತಿಯ ಲೆಕ್ಕಕ್ಕೆ ಬರುವ ಅಪಾಯವಿದೆ. ಕೊಡುವುದು ಬಿಡುವುದು ಪೂರ್ತಿ ಟ್ರಸ್ಟಿಯ (ಟ್ರಸ್ಟಿನ ಹಣ ನೋಡಿಕೊಳ್ಳುವವರ) ವಿವೇಚನೆ, ಈ ಹಣ ಸರ್ಕಾರಿ ನೆರವಿಗೆ ಪೂರಕವೇ ಹೊರತು ಬದಲಿಯಲ್ಲ ಎಂಬುದು ಪತ್ರದಲ್ಲಿ ಸ್ಪಷ್ಟವಾಗಿರಲಿ.

ತಲೆ ಕೆಡಿಸಿಕೊಳ್ಳಬೇಕಾದ್ದು ಟ್ರಸ್ಟಿಯ ಆಯ್ಕೆಗೆ. ಪ್ರೀತಿ ಇದ್ದರೆ ಸಾಲದು, ಲೆಕ್ಕ ಬರೆದಿಡುವ ಶಿಸ್ತೂ ಬೇಕು. ಟ್ರಸ್ಟಿ ಮಗುವಿನ ಕೈಗೆ ನಗದು ಕೊಟ್ಟರೆ, ತಿಂಗಳಿಗೆ ಮೊದಲ 20 ಡಾಲರ್ ಬಿಟ್ಟು ಮಿಕ್ಕಷ್ಟೂ ಎಸ್‌ಎಸ್‌ಐನಲ್ಲಿ ಕಡಿತವಾಗಬಹುದು. ಆದ್ದರಿಂದ ಕಂಪ್ಯೂಟರ್ ಬೇಕಿದ್ದರೆ ಅಂಗಡಿಗೇ ನೇರ ಪಾವತಿ. 2024ರ ಸೆಪ್ಟೆಂಬರ್ 30ರಿಂದ ಊಟದ ಖರ್ಚು ಕಟ್ಟಿದರೂ ಕಡಿತವಿಲ್ಲ. ಮನೆ ಬಾಡಿಗೆಗೆ ಮಾತ್ರ ಒಂದು ಮಿತಿಯವರೆಗೆ ಕಡಿತವುಂಟು. ಇದಕ್ಕೊಂದು ಉಪಾಯವಿದೆ: ಟ್ರಸ್ಟಿನಿಂದ ಏಬಲ್ ಖಾತೆಗೆ (ವಿಶೇಷಚೇತನರಿಗೆಂದೇ ಇರುವ ಉಳಿತಾಯ ಖಾತೆ) ಹಣ ಹಾಕಿ, ಅದೇ ತಿಂಗಳು ಅಲ್ಲಿಂದ ಬಾಡಿಗೆ ಕಟ್ಟುವುದು. ಈ ಖಾತೆ ತೆರೆಯಲು ಅಂಗವೈಕಲ್ಯ 26 ವರ್ಷಕ್ಕೆ ಮೊದಲೇ ಬಂದಿರಬೇಕಿತ್ತು. 2026ರ ಜನವರಿ 1ರಿಂದ ಆ ವಯಸ್ಸು 46. ಖಾತೆಯಲ್ಲಿರುವ 1,00,000 ಡಾಲರ್‌ವರೆಗಿನ ಹಣವನ್ನು ಎಸ್‌ಎಸ್‌ಐ ಲೆಕ್ಕಕ್ಕೆ ಹಿಡಿಯುವುದಿಲ್ಲ.

‘ಅಣ್ಣನ ಹೆಸರಿಗೆ ಬರೆದರಾಯಿತು, ಅವನು ನೋಡಿಕೊಳ್ಳುತ್ತಾನೆ’ ಎನ್ನುವವರೇ ಹೆಚ್ಚು. ಅಣ್ಣ ಒಳ್ಳೆಯವನೇ. ಆದರೆ ನಾಳೆ ಅವನಿಗೆ ಸಾಲವಾದರೆ, ವಿಚ್ಛೇದನವಾದರೆ, ಆ ಹಣವೂ ಅವನ ಆಸ್ತಿಯ ಜೊತೆಗೇ ಹರಿದುಹೋಗಬಹುದು. ಅವನನ್ನು ಟ್ರಸ್ಟಿ ಮಾಡಿ, ಮಾಲೀಕನನ್ನಾಗಿ ಮಾಡಬೇಡಿ. ಅವನ ನಂತರ ಯಾರು ಎಂಬುದನ್ನೂ ಪತ್ರದಲ್ಲೇ ಬರೆಸಿ.

ಪತ್ರಕ್ಕೆ ಸಹಿ ಹಾಕಿ ಬೀರುವಿನಲ್ಲಿಟ್ಟರೆ ಕೆಲಸ ಮುಗಿಯಲಿಲ್ಲ. ನಿಮ್ಮ ಉಯಿಲಿನಲ್ಲಿ ಮಗುವಿನ ಪಾಲು ಟ್ರಸ್ಟಿನ ಹೆಸರಿಗೆ ಸೇರಲಿ. ಜೀವವಿಮೆಯ ಹಣ ಉಯಿಲನ್ನು ಕೇಳುವುದಿಲ್ಲ, ಪಾಲಿಸಿಯಲ್ಲಿರುವ ಹೆಸರಿಗೇ ಹೋಗುತ್ತದೆ. ಹಳೆಯ ಪಾಲಿಸಿಗಳಲ್ಲಿ ಮಗುವಿನ ಹೆಸರಿದ್ದರೆ ಇವತ್ತೇ ಬದಲಿಸಿ. ಜೊತೆಗೆ ಟ್ರಸ್ಟಿಗೆಂದು ಒಂದು ಪತ್ರ ಬರೆದಿಡಿ: ಮಗುವಿಗೆ ಯಾವ ಸದ್ದು ಆಗದು, ಯಾವ ಮಾತ್ರೆ ಒಗ್ಗದು, ಹಟ ಹಿಡಿದಾಗ ಹೇಗೆ ಸಮಾಧಾನ ಮಾಡಬೇಕು. ಅದಕ್ಕೆ ಕಾನೂನಿನ ಬಲವಿಲ್ಲ, ಆದರೆ ಟ್ರಸ್ಟಿ ಮತ್ತೆ ಮತ್ತೆ ತೆಗೆದು ಓದುವುದು ಅದನ್ನೇ.

ಕೊನೆಗೆ ಅಜ್ಜ, ಅಜ್ಜಿ, ಚಿಕ್ಕಪ್ಪ, ಅತ್ತೆ ಎಲ್ಲರಿಗೂ ಟ್ರಸ್ಟಿನ ಪೂರ್ತಿ ಹೆಸರು, ದಿನಾಂಕ ಬರೆದು ಕಳಿಸಿ. ಅವರ ಉಯಿಲಿನಲ್ಲೂ ಮಗುವಿನ ಹೆಸರಿನ ಜಾಗದಲ್ಲಿ ಅದೇ ಬರಲಿ.