ಹೆದ್ದಾರಿ ಬದಿಯಲ್ಲಿ ಬಿಸಿ ಹೋಳಿಗೆ: ನನ್ನ ಅನುಭವ

ತುಮಕೂರಿನಿಂದ ಶಿವಮೊಗ್ಗಕ್ಕೆ ಹೋಗುವ ರಸ್ತೆಯಲ್ಲಿ, ತಿಪಟೂರು ದಾಟಿದ ಮೇಲೆ ನಮ್ಮದೊಂದು ಚಿಕ್ಕ ಹೋಟೆಲಿದೆ. ಅಲ್ಲಿ ದಿನವೂ ಬೇಳೆ ಹೋಳಿಗೆಯನ್ನು ಹಂಚಿನಿಂದಲೇ ಎಲೆಗೆ ಬಡಿಸುತ್ತೇನೆಂದು ಹೊರಟಾಗ, ಇದೇ ವ್ಯಾಪಾರದಲ್ಲಿರುವ ಹಿರಿಯರೊಬ್ಬರು, "ಅದು ಹಬ್ಬದ ಅಡುಗೆ ಸ್ವಾಮಿ, ಹತ್ತು ನಿಮಿಷ ನಿಲ್ಲುವವರಿಗೆ ವಡೆ, ಕಾಫಿ ಸಾಕು" ಎಂದಿದ್ದರು. ಈಗ ಭಾನುವಾರ ಹೆಚ್ಚುಕಡಿಮೆ 200 ಹೋಳಿಗೆ ಖರ್ಚಾಗುತ್ತದೆ.

ಮೊದಮೊದಲು ಬೆಳಿಗ್ಗೆಯೇ ಬೇಯಿಸಿಟ್ಟು ಗಿರಾಕಿ ಬಂದಾಗ ಬಿಸಿ ಮಾಡಿಕೊಟ್ಟರೆ ಅಂಚು ನಾರಾಗುತ್ತಿತ್ತು. ಬಾಡಿಗೆಗೆ ತಂದ ಒತ್ತುವ ಯಂತ್ರದಲ್ಲಿ ಹೂರಣ ನಡುವೆಯೇ ಉಳಿದು ಅಂಚು ಬರೀ ಕಣಕ, ಅಂದರೆ ಹೊರಗಿನ ಹಿಟ್ಟು ಆಗುತ್ತಿತ್ತು. ಹೂರಣವನ್ನು ಫ್ರಿಜ್ಜಿನಲ್ಲಿಟ್ಟಾಗ ಅದು ಹೊರಗೆ ಬಂದ ಕೂಡಲೇ ಬೆವರಿ, ತಟ್ಟುವಾಗ ಕಣಕ ಹರಿಯುತ್ತಿತ್ತು. ಇವುಗಳಿಗೆಲ್ಲ ಕೈಬಿಟ್ಟ ಹಣ 40 ಸಾವಿರದ ಆಸುಪಾಸು.

ಕೊನೆಗೆ ಕೈಹಿಡಿದದ್ದು ಹೂರಣದ ಹದ. ಬೇಳೆಯನ್ನು ಹಿಸುಕಿದರೆ ಪುಡಿಯಾಗುವಷ್ಟೇ ಬೇಯಿಸಿ, ಕಟ್ಟನ್ನು (ಬೇಳೆ ಬೆಂದ ನೀರನ್ನು) ಪೂರ್ತಿ ಬಸಿದು, ಬೆಲ್ಲ ಹಾಕಿದ ಮೇಲೆ ಸೌಟು ನೆಟ್ಟಗೆ ನಿಲ್ಲುವವರೆಗೂ ಕೆದಕಿ, ಬಿಸಿಯಿರುವಾಗಲೇ ರುಬ್ಬಿ ಉಂಡೆ ಕಟ್ಟಿಡುತ್ತೇವೆ. ಹೀಗೆ ಮಾಡಿದ್ದು ಬೇಸಿಗೆಯಲ್ಲೂ ಸಂಜೆಯವರೆಗೆ ಕೆಡುವುದಿಲ್ಲ. ಕಣಕವನ್ನು ಮಾತ್ರ ಬೆಳಿಗ್ಗೆ 5 ಗಂಟೆಗೊಮ್ಮೆ, 11ರ ಹೊತ್ತಿಗೊಮ್ಮೆ ಕಲಸುತ್ತೇವೆ. ಚಿರೋಟಿ ರವೆ, ಮೈದಾಗಳ ಪಾಲು ಮತ್ತು ಎಣ್ಣೆಯ ಜೊತೆ ನನ್ನ ಹೆಂಡತಿ ಸೇರಿಸುವ ಇನ್ನೊಂದು ಪದಾರ್ಥವನ್ನು ಇಲ್ಲಿ ಬರೆಯಲಾರೆ. ಗಿರಾಕಿ ಕುಳಿತ ಮೇಲೆ ಉಂಡೆ ತುಂಬಿ, ಎಣ್ಣೆ ಸವರಿದ ಬಾಳೆಎಲೆಯ ಮೇಲೆ ತಟ್ಟಿ, ಎಲೆಸಮೇತ ಹಂಚಿಗೆ ಕವುಚುತ್ತೇವೆ. ಎಲೆ ಬಾಡಿ ಬಣ್ಣ ತಿರುಗಿದೊಡನೆ ಅದು ತಾನಾಗಿ ಬಿಟ್ಟುಕೊಳ್ಳುತ್ತದೆ, ಹೋಳಿಗೆ ಒಂದಿಷ್ಟೂ ಹರಿಯುವುದಿಲ್ಲ. ಹಂಚು ಕಾದಿದ್ದರೆ ಎರಡು ಮೂರು ನಿಮಿಷ ಸಾಕು. ಇಷ್ಟು ತೆಳುವಾದ ಹೋಳಿಗೆ ಈ ರಸ್ತೆಯಲ್ಲಿ ಬೇರೆಲ್ಲೂ ಸಿಗದೆಂದು ಧೈರ್ಯವಾಗಿ ಹೇಳುತ್ತೇನೆ.

ಒಂದು ಕಿಲೋ ಬೇಳೆಗೆ ಅಷ್ಟೇ ಬೆಲ್ಲ ಹಿಡಿದರೆ 35ರಿಂದ 40 ಹೋಳಿಗೆಯಾಗುತ್ತವೆ. ತುಪ್ಪ, ಗ್ಯಾಸು ಸೇರಿ ಒಂದಕ್ಕೆ 10 ರೂಪಾಯಿಯಷ್ಟು ಬೀಳುತ್ತದೆ, ಕೂಲಿ ಬೇರೆ. ನಾನು 25 ರೂಪಾಯಿಗೆ ಮಾರುತ್ತೇನೆ. ನಿಜವಾದ ಲಾಭವಿರುವುದು ಬಸಿದ ಕಟ್ಟಿನಲ್ಲಿ: ಅದರಿಂದ ಮಾಡುವ ಹೋಳಿಗೆ ಸಾರಿಗಾಗಿಯೇ ಲಾರಿ ಚಾಲಕರು ಮಧ್ಯಾಹ್ನದ ಊಟಕ್ಕೆ ನಿಲ್ಲುತ್ತಾರೆ.

ನಡುವೆ ಖರ್ಜೂರದ ಹೋಳಿಗೆಯನ್ನೂ ಮಾಡಿ ನೋಡಿದೆವು. ರುಚಿಯಿದ್ದರೂ ಆ ಬೆಲೆಗೆ ಯಾರೂ ಎರಡನೆಯದನ್ನು ಕೇಳಲಿಲ್ಲ. ತಿಪಟೂರು ಸೀಮೆಯ ತೆಂಗಿನಕಾಯಿ ಕೈಗೆಟಕುವಲ್ಲೇ ಇರುವಾಗ ಕಾಯಿ ಹೋಳಿಗೆಯೇ ಮೇಲು. ಕಾಯಿತುರಿಯನ್ನು ಬೆಲ್ಲದೊಡನೆ ಚೆನ್ನಾಗಿ ಬಾಡಿಸಿದರೆ ಎರಡು ಮೂರು ದಿನ ತಡೆಯುವುದರಿಂದ ಊರಿಗೆ ಒಯ್ಯುವವರಿಗೆ ಅದನ್ನೇ ಕಟ್ಟಿಕೊಡುತ್ತೇನೆ. ಆದರೆ ಪೂರ್ತಿ ಆರುವ ಮೊದಲು ಡಬ್ಬಿಗೆ ತುಂಬಿದರೆ ಹಬೆಯ ನೀರಿಳಿದು ಮರುದಿನವೇ ಹಳಸುತ್ತದೆ. ಆದ್ದರಿಂದ ಮೊರದ ಮೇಲೆ ಒಂದೊಂದಾಗಿ ಹರಡಿ ಆರಿಸುತ್ತೇವೆ, ಬಸ್ಸಿನವರು ಅವಸರ ಮಾಡಿದರೂ ಬಿಸಿಯದನ್ನು ಕಟ್ಟುವುದಿಲ್ಲ.